ಪಿಕಪ್ ಟ್ರಕ್ಕಿಗೆ ಹ್ಯಾಂಡ್‌ಹೆಲ್ಡ್ ಟ್ಯೂನರ್: ಯಾರಿಗೆ ಬೇಕು, ಯಾರಿಗೆ ಬೇಡ, ಹಾಕುವುದು ಹೇಗೆ

ಟ್ಯೂನರ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವ ಕೈಡಬ್ಬಿ) ತಗೊಳ್ಳಬೇಕಾ ಬೇಡವಾ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಒಂದೇ ಮಾತು. ನಿಮ್ಮ ಟ್ರಕ್ಕಿನ ಎಂಜಿನ್ನಿಗೆ ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ) ಇದೆಯಾ? ಇದ್ದರೆ ಮುಂದೆ ಮಾತಾಡಬಹುದು. ಇಲ್ಲದಿದ್ದರೆ ಎರಡನೇ ಪ್ರಶ್ನೆ: ಈಗ ನಿಮಗೆ ಟ್ರಕ್ಕಿನಲ್ಲಿ ಏನು ಸರಿಯಿಲ್ಲ ಅನ್ನಿಸುತ್ತಿದೆ? "ಮೈಲೇಜ್ ಜಾಸ್ತಿ ಬರಬೇಕು" ಅನ್ನುವುದೇ ಉತ್ತರವಾದರೆ ದುಡ್ಡು ಜೇಬಿನಲ್ಲೇ ಇರಲಿ. ಯಾಕೆ ಅಂತ ಕೆಳಗೆ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಇದು ಹೆಚ್ಚಾಗಿ ಅಮೆರಿಕದ ಕಥೆ. ಅಲ್ಲಿ ಎಫ್-150, ಸಿಲ್ವೆರಾಡೊ, ರಾಮ್, ಟಕೋಮ ಓಡಿಸುವ ಕನ್ನಡದವರಿಗಾಗಿಯೇ ಬರೆಯುತ್ತಿದ್ದೇನೆ. ಬೋಟ್ ಎಳೆಯೋಕೋ ಕ್ಯಾಂಪಿಂಗ್ ಟ್ರೇಲರ್ ಎಳೆಯೋಕೋ ಟ್ರಕ್ ತಗೊಂಡಿರುತ್ತೀರಿ, ಒಂದೆರಡು ವರ್ಷ ಆದ ಮೇಲೆ "ಇದಕ್ಕೆ ಇನ್ನೂ ಸ್ವಲ್ಪ ದಮ್ ಬೇಕಿತ್ತು" ಅನ್ನಿಸುತ್ತದೆ, ಆಗ 400ರಿಂದ 700 ಡಾಲರಿನ ಈ ಪುಟ್ಟ ಡಬ್ಬಿ ಕಣ್ಣಿಗೆ ಬೀಳುತ್ತದೆ. ಊರಿನಲ್ಲಿ ಹೈಲಕ್ಸ್, ವಿ-ಕ್ರಾಸ್ ಇಟ್ಟುಕೊಂಡವರಿಗೆ ಬೇಕಾದ ಒಂದೆರಡು ಮಾತು ಕೊನೆಯ ಹತ್ತಿರ ಇದೆ.

ಡಬ್ಬಿ ಮಾಡುವ ಕೆಲಸ ಏನು

1996ರ ಮಾಡೆಲ್‌ನಿಂದ ಈಚೆಗೆ ಅಮೆರಿಕದಲ್ಲಿ ಮಾರಾಟವಾದ ಎಲ್ಲ ಕಾರು, ಸಣ್ಣ ಟ್ರಕ್ಕುಗಳಲ್ಲೂ ಸ್ಟೀರಿಂಗ್ ಕೆಳಗೆ ಒಬಿಡಿ-2 ಪೋರ್ಟ್ ಇದೆ. ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚುವುದು ಅಲ್ಲಿಗೇ. ಟ್ಯೂನರ್ ಕೂಡ ಅಲ್ಲಿಂದಲೇ ಒಳಗೆ ಹೋಗಿ ಎಂಜಿನ್ ಕಂಪ್ಯೂಟರಿನಲ್ಲಿರುವ ಕೋಷ್ಟಕಗಳನ್ನು ಹೊಸದಾಗಿ ಬರೆಯುತ್ತದೆ. ಇಷ್ಟು ಆರ್‌ಪಿಎಂ, ಇಷ್ಟು ಲೋಡ್ ಇದ್ದಾಗ ಸ್ಪಾರ್ಕ್ ಎಷ್ಟು ಡಿಗ್ರಿ ಮುಂಚೆ ಹೊಡೆಯಬೇಕು, ಟರ್ಬೊ ಎಷ್ಟು ಒತ್ತಬೇಕು, ಪೆಡಲ್ ಅರ್ಧ ತುಳಿದರೆ ಥ್ರಾಟಲ್ ಎಷ್ಟು ತೆರೆಯಬೇಕು, ಗೇರ್ ಯಾವಾಗ ಬದಲಾಗಬೇಕು, ಎಷ್ಟು ಬಿಗಿಯಾಗಿ ಬದಲಾಗಬೇಕು ಅನ್ನುವುದೆಲ್ಲ ಆ ಕೋಷ್ಟಕಗಳಲ್ಲೇ ಇದೆ. ಎಂಜಿನ್ನಿಗೆ ಹೊಸ ಭಾಗ ಏನೂ ಸೇರುವುದಿಲ್ಲ. ಕಂಪನಿ ಬಿಟ್ಟಿದ್ದ ಅಂತರವನ್ನು ಕಡಿಮೆ ಮಾಡುತ್ತೀರಿ, ಅಷ್ಟೇ.

ಆ ಅಂತರವನ್ನು ಕಂಪನಿಯವರು ಸುಮ್ನೆ ಬಿಟ್ಟಿರುವುದಿಲ್ಲ. ಒಂದೇ ಟ್ರಕ್ಕು ಫೀನಿಕ್ಸ್‌ನ ಬೇಸಿಗೆಯಲ್ಲೂ ಓಡಬೇಕು, ಮಿನೆಸೋಟದ ಚಳಿಯಲ್ಲೂ ಸ್ಟಾರ್ಟ್ ಆಗಬೇಕು. ಕಳಪೆ ಗ್ಯಾಸ್ (ಅಮೆರಿಕದಲ್ಲಿ ಪೆಟ್ರೋಲಿಗೆ ಅನ್ನುವುದೇ ಹೀಗೆ) ಹಾಕಿಸಿದವರ ಟ್ರಕ್ಕೂ ಉಳಿಯಬೇಕು, ಆಯಿಲ್ ಬದಲಿಸುವುದನ್ನು ಮರೆತವರ ಟ್ರಕ್ಕೂ ವಾರಂಟಿ ಮುಗಿಯುವವರೆಗೆ ಬಾಳಬೇಕು. ನೀವು ಒಳ್ಳೆ ಗ್ಯಾಸ್ ಹಾಕಿಸಿ, ಸರ್ವಿಸ್ ಸರಿಯಾಗಿ ಮಾಡಿಸುವವರಾದರೆ ಆ ಅಂತರದಲ್ಲಿ ಒಂದು ಪಾಲನ್ನು ನಿಮ್ಮ ಉಪಯೋಗಕ್ಕೆ ತಗೊಳ್ಳಬಹುದು. ಪೂರ್ತಿ ತಗೊಂಡರೆ ಎಂಜಿನ್ನಿಗೇ ಪೆಟ್ಟು.

ಟರ್ಬೊ ಇದ್ದರೆ

ಇಲ್ಲಿ ಟ್ಯೂನರ್ ನಿಜವಾಗಿಯೂ ಕೆಲಸ ಮಾಡುತ್ತದೆ. ಫೋರ್ಡ್ 2011ರ ಮಾಡೆಲ್‌ನಿಂದ ಎಫ್-150ಗೆ 3.5 ಲೀಟರಿನ ಇಕೋಬೂಸ್ಟ್ (ಫೋರ್ಡ್ ತನ್ನ ಟರ್ಬೊ ಪೆಟ್ರೋಲ್ ಎಂಜಿನ್ನುಗಳಿಗೆ ಇಟ್ಟ ಹೆಸರು) ಕೊಡುತ್ತಿದೆ. ಆಗ ಅದು 365 ಹಾರ್ಸ್‌ಪವರ್, 420 ಪೌಂಡ್-ಫೀಟ್ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ). 2015ರಲ್ಲಿ 2.7 ಲೀಟರಿನ ತಮ್ಮ ಬಂತು. ಇಂಥ ಎಂಜಿನ್ನಿಗೆ ಸಾಫ್ಟ್‌ವೇರ್‌ನಲ್ಲಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿಸಿದರೆ ಒಳಗೆ ಹೋಗುವ ಗಾಳಿಯೇ ಜಾಸ್ತಿ ಆಗುತ್ತದೆ. ಗಾಳಿ ಜಾಸ್ತಿ ಆದರೆ ಇಂಧನ ಜಾಸ್ತಿ, ಟಾರ್ಕ್ ಜಾಸ್ತಿ. ಒಳ್ಳೆ ಟ್ಯೂನ್ ಜೊತೆ ಪ್ರೀಮಿಯಂ ಗ್ಯಾಸ್ ಹಾಕಿದರೆ 50 ಹಾರ್ಸ್‌ಪವರ್ ಹೆಚ್ಚುವುದು ಕಷ್ಟವಲ್ಲ, ಟಾರ್ಕ್ ಅದಕ್ಕಿಂತಲೂ ಜಾಸ್ತಿ ಏರಬಹುದು. ಓಡಿಸುವವರಿಗೆ ಮೊದಲ ದಿನವೇ ಗೊತ್ತಾಗುತ್ತದೆ.

ಆದರೆ ಟ್ಯೂನರಿಗೆ ಆರ್ಡರ್ ಮಾಡುವ ಮೊದಲು ಒಂದು ಪ್ರಯೋಗ ಮಾಡಿ. ಇಕೋಬೂಸ್ಟ್‌ಗೆ 87 ಆಕ್ಟೇನಿನ ಸಾಮಾನ್ಯ ಗ್ಯಾಸ್ ಹಾಕಿದರೂ ನಡೆಯುತ್ತದೆ ಎಂದು ಎಲ್ಲರೂ 87 ಹಾಕಿಸುತ್ತಾರೆ. ಎರಡು ಮೂರು ಟ್ಯಾಂಕ್ 93ರ ಪ್ರೀಮಿಯಂ ಹಾಕಿಸಿ ನೋಡಿ, ಸ್ಟಾಕ್ (ಕಂಪನಿಯಿಂದ ಬಂದಂತೆಯೇ ಇರುವ) ಕಂಪ್ಯೂಟರಿನಲ್ಲೇ. ಅದರ ನಾಕ್ ಸೆನ್ಸರ್ (ಮಿಶ್ರಣ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುವುದನ್ನು ಹಿಡಿಯುವ ಸೆನ್ಸರ್) ಒಳ್ಳೆ ಗ್ಯಾಸನ್ನು ಗುರುತಿಸಿ ಸ್ಪಾರ್ಕನ್ನು ತಾನೇ ಮುಂದೆ ತರುತ್ತದೆ. 2019ರಲ್ಲಿ ಕಾರ್ ಅಂಡ್ ಡ್ರೈವರ್ ಪತ್ರಿಕೆ ಇದನ್ನೇ ಪರೀಕ್ಷೆ ಮಾಡಿತ್ತು. 3.5 ಇಕೋಬೂಸ್ಟ್ ಎಫ್-150 ಗಂಟೆಗೆ 60 ಮೈಲಿ ಮುಟ್ಟಲು 87ರಲ್ಲಿ 5.9 ಸೆಕೆಂಡ್ ತಗೊಂಡಿತು, 93ರಲ್ಲಿ 5.3. ಟ್ಯೂನರ್ ಇಲ್ಲದೆ, ಬರೀ ಗ್ಯಾಸ್ ಬದಲಿಸಿದ್ದಕ್ಕೆ! ಅಷ್ಟರಲ್ಲೇ ನಿಮ್ಮ ಮನಸ್ಸು ತುಂಬಿದರೆ 500 ಡಾಲರ್ ಉಳಿಯಿತು.

ಟರ್ಬೊ ಟ್ರಕ್ ಇದ್ದೂ ವಾರಂಟಿಯ ಚಿಂತೆ ಇರುವವರಿಗೆ ಇನ್ನೊಂದು ದಾರಿ ಇದೆ, ಯಾಕೋ ಜನ ಇದನ್ನು ಅಷ್ಟಾಗಿ ಹುಡುಕುವುದಿಲ್ಲ. ಕಂಪನಿಯದ್ದೇ ಟ್ಯೂನ್. ಫೋರ್ಡಿನ ಸಣ್ಣ ಪಿಕಪ್ ರೇಂಜರ್‌ನ 2.3 ಲೀಟರ್ ಇಕೋಬೂಸ್ಟ್‌ಗೆ ಫೋರ್ಡ್ ಪರ್ಫಾರ್ಮೆನ್ಸ್ ಒಂದು ಕ್ಯಾಲಿಬ್ರೇಶನ್ ತಂದಿತು, ಬಂದಾಗ ಬೆಲೆ 825 ಡಾಲರ್. 270 ಇದ್ದ ಹಾರ್ಸ್‌ಪವರ್ 315 ಆಯಿತು, 310 ಇದ್ದ ಟಾರ್ಕ್ 370 ಆಯಿತು. 50 ರಾಜ್ಯಗಳಲ್ಲೂ ಕಾನೂನಿಗೆ ಸರಿ, ಡೀಲರ್ ಹತ್ತಿರ ಹಾಕಿಸಿದರೆ ವಾರಂಟಿಯೂ ಇತ್ತು. ಹೊಸ ಟ್ರಕ್ ಇರುವವರು ಮೊದಲು ತಮ್ಮ ಮಾಡೆಲ್‌ಗೆ ಇಂಥದ್ದು ಇದೆಯಾ ಎಂದು ಡೀಲರ್ ಹತ್ತಿರ ಕೇಳಿ, ಆಮೇಲೆ ಬೇರೆ ಡಬ್ಬಿಗಳ ಕಡೆ ನೋಡಿ.

ಟರ್ಬೊ ಇಲ್ಲದಿದ್ದರೆ

ಸಿಲ್ವೆರಾಡೊದ 5.3 ವಿ8, ರಾಮ್‌ನ 5.7 ಹೆಮಿ, ಮುಸ್ತಾಂಗ್‌ನಿಂದ ಎಫ್-150ಗೆ ಬಂದ 5.0, ಟಕೋಮದ 3.5 ವಿ6. ಇವು ಉಸಿರಾಡುವ ಗಾಳಿಯನ್ನು ಸಾಫ್ಟ್‌ವೇರ್ ಹೆಚ್ಚಿಸಲಾರದು. ಸ್ಪಾರ್ಕನ್ನು ಒಂದಿಷ್ಟು ಮುಂದೆ ತರಬಹುದು, ಮಿಶ್ರಣವನ್ನು ಸ್ವಲ್ಪ ತಿದ್ದಬಹುದು. ಅದರಿಂದ 10-20 ಹಾರ್ಸ್‌ಪವರ್ ಬಂದರೆ ದೊಡ್ಡದು, ಅದೂ ಬಹುಪಾಲು ಪ್ರೀಮಿಯಂ ಗ್ಯಾಸ್ ಹಾಕಿದರೆ ಮಾತ್ರ, ಅದೂ ಆರ್‌ಪಿಎಂ ಮೇಲೆ ಹೋದಾಗ. 355 ಹಾರ್ಸ್‌ಪವರಿನ, 5000 ಪೌಂಡ್ ತೂಕದ ಟ್ರಕ್ಕಿನಲ್ಲಿ 15 ಹಾರ್ಸ್‌ಪವರ್ ಜಾಸ್ತಿ ಆದರೆ ಸೀಟಿನಲ್ಲಿ ಕೂತವರಿಗೆ ತಿಳಿಯುವುದು ಕಷ್ಟ.

ಹಾಗಾದರೆ 5.3ಗೆ ಟ್ಯೂನರ್ ಹಾಕಿದವರು "ಟ್ರಕ್ಕೇ ಬೇರೆ ಆಯ್ತು" ಅನ್ನುವುದು ಸುಳ್ಳಾ? ಸುಳ್ಳಲ್ಲ. ಅವರಿಗೆ ಗೊತ್ತಾಗುತ್ತಿರುವುದು ಪೆಡಲ್ ಮತ್ತು ಗೇರ್ ಬದಲಾವಣೆ. ಕಂಪನಿ ಸಾಫ್ಟ್‌ವೇರ್ ಪೆಡಲಿನ ಮೊದಲ ಭಾಗವನ್ನು ಬೇಕೆಂದೇ ಮಂದ ಮಾಡಿರುತ್ತದೆ. ಗೇರ್ ಬದಲಾಗುವ ಕ್ಷಣದಲ್ಲಿ ಎಂಜಿನ್ ಟಾರ್ಕ್ ಕಡಿಮೆ ಮಾಡಿ ಮೆತ್ತಗೆ ಜಾರಿಸುತ್ತದೆ. ಮೈಲೇಜ್ ಪರೀಕ್ಷೆಗೋಸ್ಕರ ಆದಷ್ಟು ಬೇಗ ಮೇಲಿನ ಗೇರಿಗೆ ಹತ್ತಿಸುತ್ತದೆ. ಟ್ಯೂನರ್ ಇವನ್ನು ತಿದ್ದಿದಾಗ ಟ್ರಕ್ಕು ಚುರುಕಾದ ಹಾಗೆ ಕಾಣುತ್ತದೆ. 2016ರಿಂದ 2023ರವರೆಗಿನ ಟಕೋಮ ಓಡಿಸಿದವರಿಗೆ ಈ ಸಂಕಟ ಚೆನ್ನಾಗಿ ಗೊತ್ತು. ಹೈವೇಯಲ್ಲಿ ಸಣ್ಣ ಏರು ಬಂದರೆ ಸಾಕು, ಆರರಿಂದ ಐದು, ಐದರಿಂದ ನಾಲ್ಕು, ಮತ್ತೆ ಆರು ಅಂತ ಗೇರ್ ಹುಡುಕಾಡುತ್ತಲೇ ಇರುತ್ತದೆ. ಆ ಟ್ರಕ್ಕಿಗೆ ಯಾರಾದರೂ ಗೇರ್ ಲೆಕ್ಕ ತಿದ್ದಿದ ಟ್ಯೂನ್ ಹಾಕಿಸಿದರೆ ನಾನು ಬೇಡ ಅನ್ನುವುದಿಲ್ಲ. ದಿನಾ ಓಡಿಸುವ ಗಾಡಿ ಹಿತವಾಗಿ ಓಡುವುದು ಸಣ್ಣ ವಿಷಯ ಅಲ್ಲ, ಅಲ್ವಾ?

ಆದರೂ ಮೊದಲು ಡ್ಯಾಶ್‌ಬೋರ್ಡ್ ಮೇಲಿರುವ ಟೋ-ಹಾಲ್ (ಭಾರ ಎಳೆಯುವಾಗಿನ ಮೋಡ್) ಅಥವಾ ಸ್ಪೋರ್ಟ್ ಬಟನ್ ಒತ್ತಿ ನೋಡಿ. ಮೇಲೆ ಹೇಳಿದ ಬದಲಾವಣೆಯ ಒಂದು ಪಾಲು ಅಲ್ಲೇ ಪುಕ್ಕಟೆ ಇದೆ.

ಮೈಲೇಜ್ ಲೆಕ್ಕ

ಡಬ್ಬಿಯ ಮೇಲೆ ಮೈಲೇಜ್ ಏರುತ್ತದೆ ಅಂತ ಬರೆದಿರುತ್ತಾರೆ. ಸರಿ, ಅವರ ಮಾತನ್ನೇ ನಂಬೋಣ. ವರ್ಷಕ್ಕೆ 15,000 ಮೈಲಿ ಓಡಿಸುತ್ತೀರಿ, ಗ್ಯಾಲನ್ನಿಗೆ 18 ಮೈಲಿ ಬರುತ್ತಿದೆ ಅಂದುಕೊಳ್ಳಿ. ವರ್ಷಕ್ಕೆ 833 ಗ್ಯಾಲನ್. ಟ್ಯೂನ್ ಹಾಕಿ 19 ಬಂತು ಅಂದರೆ 789 ಗ್ಯಾಲನ್. ಉಳಿತಾಯ 44 ಗ್ಯಾಲನ್. ಗ್ಯಾಲನ್ನಿಗೆ ಮೂರೂವರೆ ಡಾಲರ್ ಲೆಕ್ಕದಲ್ಲಿ 154 ಡಾಲರ್. 500 ಡಾಲರಿನ ಟ್ಯೂನರ್ ದುಡ್ಡು ವಾಪಸ್ ಬರಲು ಮೂರು ವರ್ಷಕ್ಕಿಂತ ಜಾಸ್ತಿ ಬೇಕು, ಅದೂ ಎಲ್ಲ ಸರಿಯಾಗಿ ನಡೆದರೆ.

ಈಗ ಆ ಟ್ಯೂನಿಗೆ ಪ್ರೀಮಿಯಂ ಗ್ಯಾಸೇ ಬೇಕು ಅಂದುಕೊಳ್ಳಿ. ಪ್ರೀಮಿಯಂ ಗ್ಯಾಲನ್ನಿಗೆ 75 ಸೆಂಟ್ ಜಾಸ್ತಿ ಇದ್ದರೆ 789 ಗ್ಯಾಲನ್ನಿಗೆ 592 ಡಾಲರ್ ಹೆಚ್ಚುವರಿ ಖರ್ಚು. 154 ಉಳಿಸೋಕೆ ಹೋಗಿ 592 ಕೊಡುತ್ತೀರಿ, ಪ್ರತಿ ವರ್ಷ. ನಿಮ್ಮ ಊರಿನ ಗ್ಯಾಸ್ ಬೆಲೆ, ನಿಮ್ಮ ಮೈಲಿ ಹಾಕಿ ನೀವೇ ಲೆಕ್ಕ ಮಾಡಿ, ಉತ್ತರ ಬೇರೆ ಆಗುವುದು ಕಷ್ಟ. ಇನ್ನೊಂದು ಮಾತು: ಚುರುಕಾದ ಪೆಡಲ್ ಸಿಕ್ಕ ಮೇಲೆ ಎಲ್ಲರೂ ಮೊದಲಿಗಿಂತ ಜೋರಾಗಿಯೇ ತುಳಿಯುತ್ತಾರೆ.

ಹೊಸದಾಗಿ ಬಂದವರಿಗೆ ಆಕ್ಟೇನ್ ಬಗ್ಗೆ

ಬೆಂಗಳೂರಿನಿಂದ ಬಂದವರು ಇಲ್ಲಿ ಎಡವುವುದು ಸಹಜ. ಭಾರತದಲ್ಲಿ ಬಹಳ ಕಾಲ ಸಾಮಾನ್ಯ ಪೆಟ್ರೋಲ್ 91, ಪ್ರೀಮಿಯಂ 95 ಇತ್ತು. ಅದು ರಾನ್ ಅನ್ನುವ ಅಳತೆ. ಅಮೆರಿಕದ ಪಂಪಿನಲ್ಲಿ ಬರೆದಿರುವುದು ರಾನ್ ಮತ್ತು ಮಾನ್ ಎಂಬ ಎರಡು ಅಳತೆಗಳ ಸರಾಸರಿ, ಹಾಗಾಗಿ ಸಂಖ್ಯೆ ನಾಲ್ಕೈದು ಕಡಿಮೆ ಕಾಣುತ್ತದೆ. ಅಮೆರಿಕದ 87 ಹೆಚ್ಚುಕಡಿಮೆ ನಮ್ಮ 91ಕ್ಕೆ ಸಮ. ಅಮೆರಿಕದ 91 ಅಂದರೆ ಅಲ್ಲಿನ ಪ್ರೀಮಿಯಂ, ನಮ್ಮ 91 ಅಲ್ಲ.

ಟ್ಯೂನರಿನಲ್ಲಿ 87, 91, 93 ಅಂತ ಬೇರೆ ಬೇರೆ ಫೈಲ್ ಇರುತ್ತವೆ. 93ರ ಟ್ಯೂನ್ ಹಾಕಿಕೊಂಡು 87 ತುಂಬಿಸಿದರೆ ಸಿಲಿಂಡರಿನಲ್ಲಿ ಮಿಶ್ರಣ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುತ್ತದೆ. ಅದೇ ನಾಕಿಂಗ್. ಟರ್ಬೊ ಎಂಜಿನ್ನಿನಲ್ಲಿ ಭಾರ ಎಳೆಯುವಾಗ ಹೀಗಾದರೆ ಪಿಸ್ಟನ್ನೇ ಒಡೆಯಬಹುದು. ಕ್ಯಾಲಿಫೋರ್ನಿಯದಲ್ಲಿ ಮತ್ತು ಪಶ್ಚಿಮದ ಬಹಳಷ್ಟು ಕಡೆ ಪಂಪಿನಲ್ಲಿ ಸಿಗುವ ಪ್ರೀಮಿಯಂ 91 ಮಾತ್ರ, ಕೊಲೊರಾಡೊದಂಥ ಎತ್ತರದ ಜಾಗದಲ್ಲಿ ರೆಗ್ಯುಲರ್ ಅಂದರೆ 85. ಟೆಕ್ಸಸ್‌ನಲ್ಲಿ 93ರ ಟ್ಯೂನ್ ಹಾಕಿ ಗ್ರ್ಯಾಂಡ್ ಕ್ಯಾನ್ಯನ್‌ಗೆ ಟ್ರೇಲರ್ ಎಳೆದುಕೊಂಡು ಹೊರಡುವವರು ಹೊರಡುವ ಮೊದಲೇ 91ರ ಅಥವಾ 87ರ ಟ್ಯೂನಿಗೆ ಇಳಿಸಿಕೊಳ್ಳಿ. ದಾರಿಯಲ್ಲಿ ನೋಡಿಕೊಳ್ಳೋಣ ಅನ್ನಬೇಡಿ.

ಶಕ್ತಿಗಿಂತ ಉಪಯೋಗದ ಕೆಲಸಗಳು

ನನ್ನ ಲೆಕ್ಕದಲ್ಲಿ ಟರ್ಬೊ ಇಲ್ಲದ ಟ್ರಕ್ಕಿಗೆ ಟ್ಯೂನರ್ ತಗೊಳ್ಳಲು ಇರುವ ಒಳ್ಳೆ ಕಾರಣ ಟೈರು. 275/65 ಆರ್18 ಟೈರಿನ ಎತ್ತರ ಸುಮಾರು 32 ಇಂಚು. ಅದನ್ನು ತೆಗೆದು 35 ಇಂಚಿನದು ಹಾಕಿದರೆ ಸ್ಪೀಡೋಮೀಟರ್ 60 ತೋರಿಸುವಾಗ ನೀವು ನಿಜವಾಗಿ 65ರ ಮೇಲೆ ಹೋಗುತ್ತಿರುತ್ತೀರಿ. ಓಡೋಮೀಟರ್ ಕಡಿಮೆ ಓಡುತ್ತದೆ, ಮೈಲೇಜ್ ಇದ್ದದ್ದಕ್ಕಿಂತ ಕೆಟ್ಟದಾಗಿ ಕಾಣುತ್ತದೆ, ಗೇರ್ ಬದಲಾಗುವ ಹೊತ್ತೂ ತಪ್ಪುತ್ತದೆ. ಟ್ಯೂನರಿನಲ್ಲಿ ಟೈರ್ ಅಳತೆ, ಆಕ್ಸೆಲ್ ರೇಶಿಯೋ (ಆಕ್ಸೆಲ್ ಗೇರಿನ ಅನುಪಾತ) ಹಾಕಿದರೆ ಇದೆಲ್ಲ ಸರಿಹೋಗುತ್ತದೆ. ಬರೀ ಈ ಕೆಲಸ ಸಾಕು ಅನ್ನುವವರಿಗೆ ಸ್ಪೀಡೋಮೀಟರ್ ಸರಿಮಾಡುವ ಸಣ್ಣ, ಅಗ್ಗದ ಸಾಧನಗಳೂ ಇವೆ. ದೊಡ್ಡ ಟೈರು ಹಾಕಿ ಟ್ರಕ್ಕು ನಿಜವಾಗಿಯೂ ಮಂದವಾಗಿದ್ದರೆ ಮಾತ್ರ ಮದ್ದು ಟ್ಯೂನರ್ ಅಲ್ಲ. 3.21 ಆಕ್ಸೆಲ್ ಗೇರ್ ಇರುವ ಟ್ರಕ್ಕಿಗೆ 3.92 ಹಾಕಿಸುವುದು ದುಬಾರಿ, ಆದರೆ ಟ್ರೇಲರ್ ಎಳೆಯುವಾಗ ಅದಕ್ಕೆ ಸಾಟಿ ಇಲ್ಲ.

ಜಿಎಂನ 5.3ರಲ್ಲಿ (ಸಿಲ್ವೆರಾಡೊ ಜಿಎಂನದ್ದೇ) ಇನ್ನೊಂದು ವಿಷಯ ಇದೆ. ಭಾರ ಕಡಿಮೆ ಇದ್ದಾಗ ಎಂಟರಲ್ಲಿ ನಾಲ್ಕು ಸಿಲಿಂಡರ್ ಮಲಗಿಸುವ ಎಎಫ್‌ಎಂ ವ್ಯವಸ್ಥೆ. ಅದರ ಲಿಫ್ಟರ್‌ಗಳು (ಕವಾಟ ಎತ್ತುವ ಭಾಗಗಳು) ಕೆಡುವ ದೂರು ಬಹಳ ಹಳೆಯದು. ಟ್ಯೂನರಿನಿಂದ ಅದನ್ನು ಆಫ್ ಮಾಡುತ್ತಾರೆ. ಮೈಲೇಜ್ ಒಂದು ಚೂರು ಇಳಿಯುತ್ತದೆ, ಆ ನಾಲ್ಕು-ಎಂಟರ ಗುನುಗು ನಿಲ್ಲುತ್ತದೆ. ಆದರೆ ಆಗಲೇ ಟಿಕ್ ಟಿಕ್ ಶುರುವಾಗಿದ್ದರೆ ಯಾವ ಸಾಫ್ಟ್‌ವೇರೂ ಲಿಫ್ಟರನ್ನು ರಿಪೇರಿ ಮಾಡುವುದಿಲ್ಲ.

ಟ್ರೇಲರ್ ಎಳೆಯುವವರಿಗೆ ಟ್ಯೂನರಿನ ಪರದೆಯೇ ದೊಡ್ಡ ಲಾಭ ಅನ್ನಬಹುದು. ಟ್ರಾನ್ಸ್‌ಮಿಶನ್ ಆಯಿಲ್ ಎಷ್ಟು ಬಿಸಿ, ಒಳಬರುವ ಗಾಳಿ ಎಷ್ಟು ಬಿಸಿ, ನಾಕ್ ಆಗಿ ಸ್ಪಾರ್ಕ್ ಎಷ್ಟು ಹಿಂದೆ ಸರಿಯುತ್ತಿದೆ ಅನ್ನುವುದು ಕಣ್ಣೆದುರೇ ಇರುತ್ತದೆ. ಚೆಕ್ ಎಂಜಿನ್ ದೀಪ ಹತ್ತಿದರೆ ಅಲ್ಲೇ ಕೋಡ್ ಓದಬಹುದು.

ಸ್ಪೀಡ್ ಲಿಮಿಟರ್ ತೆಗೆಯುವ ಆಯ್ಕೆಯೂ ಇರುತ್ತದೆ. ಮುಟ್ಟಬೇಡಿ. ಅದನ್ನು ಇಟ್ಟಿರುವುದೇ ಟೈರು ಎಷ್ಟು ವೇಗ ತಡೆಯುತ್ತದೆ ಅನ್ನುವ ಲೆಕ್ಕದ ಮೇಲೆ.

ಇವನ್ನು ಟ್ಯೂನರ್ ಅಂತ ನಂಬಬೇಡಿ

ಆನ್‌ಲೈನಿನಲ್ಲಿ 15-20 ಡಾಲರಿಗೆ ಒಬಿಡಿ ಪೋರ್ಟಿಗೆ ಸಿಕ್ಕಿಸುವ ಪ್ಲಗ್ ಸಿಗುತ್ತದೆ, ನೈಟ್ರೊ, ಇಕೋ ಅಂತೆಲ್ಲ ಹೆಸರು. ಬಿಚ್ಚಿ ನೋಡಿದವರಿಗೆ ಒಳಗೆ ಸಿಕ್ಕಿದ್ದು ಮಿನುಗುವ ದೀಪಗಳು ಮತ್ತು ಅವನ್ನು ಮಿನುಗಿಸುವ ಚಿಪ್, ಅಷ್ಟೇ. ಗಾಳಿಯ ತಾಪಮಾನದ ಬಗ್ಗೆ ಕಂಪ್ಯೂಟರಿಗೆ ಸುಳ್ಳು ಹೇಳುವ ರೆಸಿಸ್ಟರ್ "ಚಿಪ್" ಕೂಡ ಅದೇ ಜಾತಿ. ಪೆಡಲ್ ಕಮಾಂಡರ್ ಥರದ ಥ್ರಾಟಲ್ ಸಾಧನಗಳು ಮೋಸ ಅಲ್ಲ, ಆದರೆ ಅವು ಪೆಡಲಿನ ಸಂಕೇತವನ್ನು ಮಾತ್ರ ಬದಲಿಸುತ್ತವೆ. ಶಕ್ತಿ ಒಂದು ಕಾಳಷ್ಟೂ ಹೆಚ್ಚುವುದಿಲ್ಲ. ಎಂಜಿನ್ ಕಂಪ್ಯೂಟರಿನ ಬರಹವನ್ನು ಮುಟ್ಟುವುದಿಲ್ಲ, ಬಿಚ್ಚಿಟ್ಟರೆ ಮುಗಿಯಿತು. ಪೆಡಲ್ ಮಂದ ಅನ್ನುವುದೊಂದೇ ನಿಮ್ಮ ದೂರಾದರೆ ಅದು ಸಾಕು.

ಕೊಳ್ಳುವ ಮೊದಲು

ನಿಮ್ಮ ವರ್ಷ, ನಿಮ್ಮ ಎಂಜಿನ್, ನಿಮ್ಮ ಕಂಪ್ಯೂಟರಿಗೆ ಆ ಟ್ಯೂನರ್ ಹೊಂದುತ್ತದಾ ಅಂತ ಕಂಪನಿಯ ಪಟ್ಟಿಯಲ್ಲಿ ನೋಡಿ. "ರಾಮ್‌ಗೆ ಹೊಂದುತ್ತದೆ" ಅಂದರೆ ಸಾಲದು. 2015ರಿಂದ ಈಚಿನ ರಾಮ್ ಟ್ರಕ್ಕುಗಳ ಎಂಜಿನ್ ಕಂಪ್ಯೂಟರ್ ಬೀಗ ಹಾಕಿಕೊಂಡು ಬರುತ್ತದೆ, ಅದನ್ನು ಬಿಚ್ಚಿ ಅನ್‌ಲಾಕ್ ಮಾಡಿಸಬೇಕು ಅಥವಾ ಬದಲಿಸಬೇಕು. 2018ರಿಂದ ಈಚಿನವಕ್ಕೆ ಸೆಕ್ಯುರಿಟಿ ಗೇಟ್‌ವೇ ದಾಟುವ ಬೇರೆ ಕೇಬಲ್ ಕೂಡ ಬೇಕು. ಟ್ಯೂನರಿನ ಬೆಲೆಯ ಮೇಲೆ ಇನ್ನೂ ಅಷ್ಟೇ ಖರ್ಚು ಬರಬಹುದು. ಈಚಿನ ಜಿಎಂ ಟ್ರಕ್ಕುಗಳಲ್ಲೂ ಇದೇ ಪಾಡು. ಇಷ್ಟೆಲ್ಲ ಖರ್ಚು ಮಾಡಿ ಹೆಮಿಯಲ್ಲಿ ಸಿಗುವುದು ಅದೇ 10-20 ಹಾರ್ಸ್‌ಪವರ್. ನನ್ನ ಮಟ್ಟಿಗೆ ಅದು ಬೇಡದ ಖರ್ಚು.

ಡಬ್ಬಿಯೊಳಗೆ ಬರುವ ತಯಾರಿ ಟ್ಯೂನ್‌ಗಳು ಎಲ್ಲರ ಟ್ರಕ್ಕಿಗೂ ಆಗುವಂತೆ ಬರೆದವು, ಹಾಗಾಗಿ ಸ್ವಲ್ಪ ಹಿಂಜರಿಕೆಯಿಂದಲೇ ಬರೆದಿರುತ್ತಾರೆ. ಅದು ಒಳ್ಳೆಯದೇ. ಕಸ್ಟಮ್ ಟ್ಯೂನ್ ಅಂದರೆ ನೀವು ಟ್ರಕ್ ಓಡಿಸಿ, ಆಗಿನ ಸೆನ್ಸರ್ ಸಂಖ್ಯೆಗಳು ದಾಖಲಾದ ಲಾಗ್ ಫೈಲ್ ಕಳಿಸುತ್ತೀರಿ, ಟ್ಯೂನ್ ಬರೆಯುವವರು ಅದನ್ನು ನೋಡಿ ತಿದ್ದಿ ಇಮೇಲ್‌ನಲ್ಲಿ ವಾಪಸ್ ಕಳಿಸುತ್ತಾರೆ, ಹೀಗೆ ನಾಲ್ಕೈದು ಸಲ. ಇಕೋಬೂಸ್ಟ್‌ಗೆ ದುಡ್ಡು ಹಾಕುವುದೇ ಆದರೆ ನಾನು ಇದನ್ನೇ ಹೇಳುತ್ತೇನೆ. ಕಾಬ್, ಎಸ್‌ಸಿಟಿ, ಎಚ್‌ಪಿ ಟ್ಯೂನರ್ಸ್ ಸಾಧನಗಳು ಇದಕ್ಕೆ ಒಗ್ಗುತ್ತವೆ. ಟ್ಯೂನ್ ಬರೆಯುವವರು ನಿಮ್ಮದೇ ಎಂಜಿನ್ನಿನ ಮೇಲೆ ಕೆಲಸ ಮಾಡಿದವರಾ ಅನ್ನುವುದು ಡಬ್ಬಿಯ ಬ್ರಾಂಡಿಗಿಂತ ಮುಖ್ಯ.

ವಾರಂಟಿ ಬಗ್ಗೆ ನೇರವಾಗಿ ಹೇಳುತ್ತೇನೆ. 1975ರ ಮ್ಯಾಗ್ನಸನ್-ಮಾಸ್ ಕಾನೂನಿನ ಪ್ರಕಾರ ಟ್ಯೂನರ್ ಹಾಕಿದ ಮಾತ್ರಕ್ಕೆ ಇಡೀ ವಾರಂಟಿ ಹೋಗುವುದಿಲ್ಲ, ಕೆಟ್ಟದ್ದು ಟ್ಯೂನಿನಿಂದಲೇ ಎಂದು ಕಂಪನಿಯವರು ತೋರಿಸಬೇಕು. ಪವರ್ ವಿಂಡೋ ಕೆಟ್ಟರೆ ಟ್ಯೂನ್ ನೆಪ ಹೇಳುವಂತಿಲ್ಲ. ಆದರೆ ಟರ್ಬೊ, ಪಿಸ್ಟನ್, ಟ್ರಾನ್ಸ್‌ಮಿಶನ್ ಕೆಟ್ಟರೆ? ಆಗ ಅವರಿಗೆ ತೋರಿಸುವುದು ಕಷ್ಟವೇ ಅಲ್ಲ. ಕಂಪ್ಯೂಟರಿನ ಸಾಫ್ಟ್‌ವೇರಿಗೆ ಸಿವಿಎನ್ ಎಂಬ ಪರಿಶೀಲನಾ ಸಂಖ್ಯೆ ಇರುತ್ತದೆ, ಟ್ಯೂನ್ ಹಾಕಿದರೆ ಅದು ಬದಲಾಗುತ್ತದೆ. ಜಿಎಂ ಡೀಲರುಗಳಲ್ಲಿ ಹೀಗೆ ಸಿಕ್ಕಿಬಿದ್ದ ಟ್ರಕ್ಕಿನ ವಿನ್ (ಗಾಡಿಯ ಗುರುತಿನ) ನಂಬರಿಗೆ ಟಿಡಿ1 ಅನ್ನುವ ಗುರುತು ಬೀಳುತ್ತದೆ, ಪವರ್‌ಟ್ರೇನ್ ವಾರಂಟಿ ಅಲ್ಲಿಗೆ ಮುಗಿದ ಹಾಗೆ. ಸ್ಟಾಕ್ ಫೈಲ್ ವಾಪಸ್ ಹಾಕಿದರೆ ಗೊತ್ತಾಗುವುದಿಲ್ಲ ಅನ್ನುವವರ ಮಾತು ನಂಬಬೇಡಿ, ಎಷ್ಟು ಸಲ ಫ್ಲ್ಯಾಶ್ ಆಗಿದೆ (ಸಾಫ್ಟ್‌ವೇರ್ ಹೊಸದಾಗಿ ಬರೆದಿದೆ) ಅನ್ನುವ ಎಣಿಕೆ ಹಲವು ಕಂಪ್ಯೂಟರುಗಳಲ್ಲಿ ಉಳಿದಿರುತ್ತದೆ. ಹಾಗಾಗಿ ಪವರ್‌ಟ್ರೇನ್ ವಾರಂಟಿ ಇನ್ನೂ ಇರುವವರು ಕಾಯಿರಿ. ಲೀಸ್ ಟ್ರಕ್ಕಿಗೆ ಈ ಯೋಚನೆಯೇ ಬೇಡ.

ಕಾನೂನು, ಮತ್ತು ಡೀಸೆಲ್ ಡಿಲೀಟ್

ಹೊಗೆ ನಿಯಂತ್ರಣವನ್ನು ಕೆಡಿಸುವ ಯಾವ ಟ್ಯೂನೂ ಅಮೆರಿಕದ ಕ್ಲೀನ್ ಏರ್ ಆ್ಯಕ್ಟ್ ಪ್ರಕಾರ ತಪ್ಪು. "ಆಫ್ ರೋಡ್ ಉಪಯೋಗಕ್ಕೆ ಮಾತ್ರ" ಅಂತ ಡಬ್ಬಿ ಮೇಲೆ ಚೀಟಿ ಅಂಟಿಸಿದರೆ ಅದು ಸರಿಯಾಗುವುದಿಲ್ಲ. 2018ರಲ್ಲಿ ಎಸ್‌ಸಿಟಿ, ಬುಲ್ಲಿ ಡಾಗ್ ಬ್ರಾಂಡುಗಳ ಒಡೆತನದ ಡಿರೈವ್ ಸಿಸ್ಟಮ್ಸ್ ಕಂಪನಿ ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ಜೊತೆ ರಾಜಿ ಮಾಡಿಕೊಂಡು 3 ಲಕ್ಷ ಡಾಲರ್ ದಂಡ ಕಟ್ಟಿತು, ತನ್ನ ಉತ್ಪನ್ನಗಳನ್ನು ಕಾನೂನಿಗೆ ಹೊಂದಿಸಲು ಒಪ್ಪಿತು. ಕೊಳ್ಳುವಾಗ ನೀವು ಹುಡುಕಬೇಕಾದ್ದು ಕ್ಯಾಲಿಫೋರ್ನಿಯದ ವಾಯುಮಾಲಿನ್ಯ ನಿಯಂತ್ರಣ ಸಂಸ್ಥೆ ಕಾರ್ಬ್ ಒಪ್ಪಿಗೆ ಕೊಟ್ಟಿದೆ ಅನ್ನುವುದಕ್ಕೆ ಗುರುತಾದ ಇಒ ನಂಬರ್. ಅದು ನಿಮ್ಮದೇ ಮಾಡೆಲ್, ನಿಮ್ಮದೇ ಟ್ಯೂನಿಗೆ ಇದೆಯಾ ನೋಡಿ. ಕ್ಯಾಲಿಫೋರ್ನಿಯದಲ್ಲಂತೂ 2021ರ ಜುಲೈ 19ರಿಂದ ಸ್ಮಾಗ್ (ಹೊಗೆ) ಪರೀಕ್ಷೆಯಲ್ಲೇ ಸಾಫ್ಟ್‌ವೇರ್ ನೋಡುತ್ತಾರೆ. ಇಒ ಇಲ್ಲದ ಟ್ಯೂನ್ ಇದ್ದರೆ ಫೇಲ್.

ಡೀಸೆಲ್ ಟ್ರಕ್ಕಿನವರಿಗೆ ಕೈಮುಗಿದು ಹೇಳುತ್ತೇನೆ, ಡಿಲೀಟ್ ಮಾಡಿಸಬೇಡಿ. ಡ್ಯುರಾಮ್ಯಾಕ್ಸ್, ಪವರ್‌ಸ್ಟ್ರೋಕ್, ಕಮಿನ್ಸ್‌ ಡೀಸೆಲ್ ಎಂಜಿನ್ನುಗಳ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ) ಫಿಲ್ಟರ್ ತೆಗೆದು, ಇಜಿಆರ್ (ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ವಾಪಸ್ ಕಳಿಸುವ ದಾರಿ) ಮುಚ್ಚಿ, ಕಂಪ್ಯೂಟರಿಗೆ ಅದು ಗೊತ್ತಾಗದಂತೆ ಟ್ಯೂನ್ ಹಾಕುವುದೇ ಡಿಲೀಟ್. ಇಪಿಎ 2020ರ ನವೆಂಬರಿನಲ್ಲಿ ಕೊಟ್ಟ ಲೆಕ್ಕದಂತೆ ಅದಕ್ಕೂ ಹಿಂದಿನ ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳಿಗೆ ಹೀಗೆ ಮಾಡಲಾಗಿತ್ತು. ಅವು ಉಗುಳುವ ಹೆಚ್ಚುವರಿ ನೈಟ್ರೋಜನ್ ಆಕ್ಸೈಡ್, ರಸ್ತೆಗೆ ಹೊಸದಾಗಿ 90 ಲಕ್ಷ ಸರಿಯಾದ ಡೀಸೆಲ್ ಪಿಕಪ್ ಇಳಿಸಿದ್ದಕ್ಕೆ ಸಮ. ಆ ಹೊಗೆಯನ್ನು ಕುಡಿಯುವವರು ಹಿಂದಿನ ಕಾರಿನಲ್ಲಿರುವವರು, ಸ್ಕೂಲ್ ಬಸ್ಸಿಗೆ ಕಾಯುತ್ತಿರುವ ಮಕ್ಕಳು. ಫಿಲ್ಟರ್ ಎಲ್ಲ ಇಟ್ಟುಕೊಂಡೇ ಶಕ್ತಿ ಹೆಚ್ಚಿಸುವ, ಇಒ ನಂಬರ್ ಇರುವ ಡೀಸೆಲ್ ಟ್ಯೂನ್‌ಗಳಿವೆ. ಆ ಎಂಜಿನ್ನುಗಳಿಗೆ ಟಾರ್ಕ್ ಕೊರತೆ ಮೊದಲೇ ಇಲ್ಲ.

ಹಾಕುವ ದಿನ

ಮೊದಲು ಟ್ರಕ್ಕು ಆರೋಗ್ಯವಾಗಿದೆಯಾ ನೋಡಿ. ಕೋಡ್ ಓದಿ, ಒಂದೂ ಇರಬಾರದು. ಸ್ಪಾರ್ಕ್ ಪ್ಲಗ್ ಹಳೆಯದಾಗಿದ್ದರೆ ಈಗಲೇ ಬದಲಿಸಿ. ಟರ್ಬೊಗೆ ಬೂಸ್ಟ್ ಏರಿಸುವವರು ಪ್ಲಗ್ ಗ್ಯಾಪ್ ಎಷ್ಟಿರಬೇಕು ಅಂತ ಟ್ಯೂನ್ ಬರೆದವರನ್ನೇ ಕೇಳಿ, ಸಾಮಾನ್ಯವಾಗಿ ಸ್ಟಾಕಿಗಿಂತ ಕಿರಿದು ಹೇಳುತ್ತಾರೆ. 2017ರಿಂದ 2020ರ 3.5 ಇಕೋಬೂಸ್ಟ್ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗರಗರ ಅನ್ನುತ್ತಿದ್ದರೆ ಅದು ಕ್ಯಾಮ್ ಫೇಸರ್ (ಕವಾಟ ತೆರೆಯುವ ಸಮಯ ಹೊಂದಿಸುವ ಭಾಗ) ದೂರು. ಅದನ್ನು ಸರಿಮಾಡಿಸದೆ ಟ್ಯೂನ್ ಹತ್ತಿರ ಹೋಗಬೇಡಿ.

ಸ್ಟಾಕ್ ಸ್ಥಿತಿಯಲ್ಲೇ ಒಂದು ಲಾಗ್ ಮಾಡಿಟ್ಟುಕೊಳ್ಳಿ. ಒಂದು ಏರು ರಸ್ತೆ ಆರಿಸಿ, ಅದರಲ್ಲಿ ಹತ್ತುವಾಗ ನಾಕ್ ರಿಟಾರ್ಡ್ (ನಾಕ್ ಆಗಿ ಸ್ಪಾರ್ಕ್ ಹಿಂದೆ ಸರಿದ ಡಿಗ್ರಿ), ಟ್ರಾನ್ಸ್‌ಮಿಶನ್ ಬಿಸಿ, ಬೂಸ್ಟ್ ಎಷ್ಟಿರುತ್ತದೆ ಅಂತ ಬರೆದಿಡಿ. ಆಮೇಲೆ ಬರುವ ಸಂಖ್ಯೆ ಒಳ್ಳೆಯದಾ ಕೆಟ್ಟದ್ದಾ ಅಂತ ತಿಳಿಯಲು ಬೇರೆ ದಾರಿ ಇಲ್ಲ.

ಟ್ಯೂನರನ್ನು ಮನೆಯಲ್ಲಿ ಲ್ಯಾಪ್‌ಟಾಪಿಗೆ ಹಾಕಿ ಅಪ್‌ಡೇಟ್ ಮಾಡಿ, ಆಮೇಲೆ ಟ್ರಕ್ಕಿನ ಹತ್ತಿರ ಹೋಗಿ. ಬ್ಯಾಟರಿ ಮೇಂಟೇನರ್ (ಬ್ಯಾಟರಿ ಇಳಿಯದಂತೆ ಕಾಯುವ ಚಾರ್ಜರ್) ಹಾಕುವುದನ್ನು ಯಾವ ಕಾರಣಕ್ಕೂ ಬಿಡಬೇಡಿ. ಇಡೀ ಕೆಲಸದಲ್ಲಿ ದೊಡ್ಡ ಅಪಾಯ ಇಲ್ಲೇ ಇರುವುದು. ಬರೆಯುವ ಮಧ್ಯೆ ವೋಲ್ಟೇಜ್ ಬಿದ್ದರೆ ಕಂಪ್ಯೂಟರ್ ಅರ್ಧ ಬರೆದ ಸ್ಥಿತಿಯಲ್ಲಿ ಸತ್ತುಹೋಗುತ್ತದೆ, ಟ್ರಕ್ಕು ಸ್ಟಾರ್ಟ್ ಆಗುವುದಿಲ್ಲ, ಟೋ ಮಾಡಿಸಬೇಕು. ಎಸಿ, ರೇಡಿಯೋ, ಹೆಡ್‌ಲೈಟ್, ಆಂಪ್ಲಿಫೈಯರ್, ಡ್ಯಾಶ್ ಕ್ಯಾಮ್, ಚಾರ್ಜಿಗಿಟ್ಟ ಫೋನ್ ಎಲ್ಲ ಆಫ್. ಕೀ ಆನ್, ಎಂಜಿನ್ ಆಫ್. ಬಾಗಿಲು ತೆರೆದು ಮುಚ್ಚಿ ಮಾಡಬೇಡಿ, ಕೇಬಲ್ ಅಲುಗಾಡಿಸಬೇಡಿ. ಪರದೆ ಏನು ಹೇಳುತ್ತದೋ ಅದೇ ಕ್ರಮದಲ್ಲಿ ಕೀ ತಿರುಗಿಸಿ.

ಟ್ಯೂನರ್ ಮೊದಲು ಸ್ಟಾಕ್ ಫೈಲನ್ನು ಓದಿ ಉಳಿಸಿಕೊಳ್ಳುತ್ತದೆ. ಅದು ಮುಗಿದ ಮೇಲೆ, ಸಾಧನ ಅವಕಾಶ ಕೊಟ್ಟರೆ, ಆ ಫೈಲಿನ ಒಂದು ಪ್ರತಿ ಲ್ಯಾಪ್‌ಟಾಪಿನಲ್ಲೂ ಇಡಿ. ಮೊದಲ ಟ್ಯೂನ್ ಯಾವಾಗಲೂ ಮೆತ್ತನೆಯದೇ ಇರಲಿ, 87ರದ್ದು ಅಥವಾ ಟ್ರೇಲರ್ ಎಳೆಯಲೆಂದೇ ಬರೆದ ಟೋ ಟ್ಯೂನ್. ನೇರವಾಗಿ 93 ಪರ್ಫಾರ್ಮೆನ್ಸ್‌ಗೆ ಹಾರಬೇಡಿ.

ಫ್ಲ್ಯಾಶ್ ಆದ ಮೇಲೆ ಕಂಪ್ಯೂಟರ್ ಕಲಿತಿದ್ದೆಲ್ಲ ಮರೆತಿರುತ್ತದೆ. ಗೇರ್ ಬದಲಾವಣೆ ಸ್ವಲ್ಪ ದಿನ ವಿಚಿತ್ರವಾಗಿ ಕಾಣಬಹುದು, ಮತ್ತೆ ಕಲಿಯಲು ಬಿಡಿ. ಸ್ಮಾಗ್ ಪರೀಕ್ಷೆ ಹತ್ತಿರ ಇದ್ದರೆ ಈ ಕೆಲಸ ಮುಂದೂಡಿ, ಯಾಕೆಂದರೆ ಒಬಿಡಿ ಮಾನಿಟರುಗಳೂ (ಹೊಗೆ ನಿಯಂತ್ರಣವನ್ನು ಟ್ರಕ್ಕು ತಾನೇ ಪರೀಕ್ಷಿಸಿಕೊಳ್ಳುವ ಲೆಕ್ಕಗಳು) ಶೂನ್ಯಕ್ಕೆ ಬಂದಿರುತ್ತವೆ ಮತ್ತು ಅವು ಪೂರ್ತಿಯಾಗುವವರೆಗೆ ಪರೀಕ್ಷೆ ಆಗುವುದಿಲ್ಲ.

ಆಮೇಲೆ ಅದೇ ಏರು, ಅದೇ ಥರದ ಹವೆ, ಅದೇ ಗ್ಯಾಸ್. ಲಾಗ್ ಮಾಡಿ ಹಳೆಯದರ ಪಕ್ಕ ಇಟ್ಟು ನೋಡಿ. ಭಾರ ಬಿದ್ದಾಗೆಲ್ಲ ನಾಕ್ ರಿಟಾರ್ಡ್ ನಾಲ್ಕೈದು ಡಿಗ್ರಿ ಕಾಣುತ್ತಿದ್ದರೆ ಗ್ಯಾಸ್ ಸರಿಯಿಲ್ಲ, ಇಲ್ಲವೇ ಟ್ಯೂನ್ ಜಾಸ್ತಿಯಾಯಿತು. ಕೆಳಗಿನ ಟ್ಯೂನಿಗೆ ಇಳಿಯಿರಿ. ಮೈಲೇಜನ್ನು ಡ್ಯಾಶ್‌ಬೋರ್ಡ್ ನೋಡಿ ನಂಬಬೇಡಿ, ಟ್ಯಾಂಕ್ ತುಂಬಿಸಿ ಮೈಲಿ ಭಾಗಿಸಿ ಕೈಯಲ್ಲೇ ಲೆಕ್ಕ ಮಾಡಿ, ಮೂರ್ನಾಲ್ಕು ಟ್ಯಾಂಕಿನ ಸರಾಸರಿ ತಗೊಳ್ಳಿ.

ಟ್ರೇಲರ್ ಕಟ್ಟುವಾಗ ಟೋ ಟ್ಯೂನ್ ಅಥವಾ ಸ್ಟಾಕ್. ಟ್ಯೂನ್ ಹಾಕಿದ್ದಕ್ಕೆ ಟ್ರಕ್ಕಿನ ಎಳೆಯುವ ಸಾಮರ್ಥ್ಯ ಒಂದು ಪೌಂಡೂ ಹೆಚ್ಚಿಲ್ಲ. ಬ್ರೇಕು, ಫ್ರೇಮು, ಹಿಚ್, ಕೂಲರ್ ಎಲ್ಲ ಹಳೆಯವೇ.

ಊರಿನವರಿಗೆ

ಕರ್ನಾಟಕದಲ್ಲಿ ಹೈಲಕ್ಸ್, ವಿ-ಕ್ರಾಸ್ ಎರಡೂ ಟರ್ಬೊ ಡೀಸೆಲ್, ಹಾಗಾಗಿ ಟ್ಯೂನಿಂಗ್ ಅಂದರೆ ಟಾರ್ಕ್ ನಿಜವಾಗಿಯೂ ಹೆಚ್ಚುತ್ತದೆ. ಅಮೆರಿಕದ ಹ್ಯಾಂಡ್‌ಹೆಲ್ಡ್‌ಗಳನ್ನು ಬರೆದಿರುವುದು ಅಲ್ಲಿನ ಟ್ರಕ್ಕುಗಳಿಗೆ, ನೆಂಟರ ಕೈಲಿ ತರಿಸಿಕೊಂಡು ಉಪಯೋಗ ಇಲ್ಲ. ಇಲ್ಲಿ ನಡೆಯುವುದು ವರ್ಕ್‌ಶಾಪಿನಲ್ಲಿ ಮಾಡುವ ರೀಮ್ಯಾಪ್ ಅಥವಾ ಸೆನ್ಸರಿನ ಮಧ್ಯೆ ಕೂರಿಸುವ ಪಿಗ್ಗಿಬ್ಯಾಕ್ ಡಬ್ಬಿ. ಅಂಥ ಡಬ್ಬಿಗಳನ್ನು ಬೆಂಗಳೂರಿನ ರೇಸ್ ಡೈನಾಮಿಕ್ಸ್ ಕಂಪನಿಯೇ ತಯಾರಿಸುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ ಅನ್ನುವುದೂ ತಲೆಯಲ್ಲಿರಲಿ. ಬಿಎಸ್-6 ಗಾಡಿಯ ಡಿಪಿಎಫ್ ತೆಗೆಸುವ ಬಗ್ಗೆ ಮೇಲೆ ಹೇಳಿದ್ದೇ ಇಲ್ಲಿಗೂ.

ಸೆಕೆಂಡ್ ಹ್ಯಾಂಡ್ ಟ್ಯೂನರ್

ಬಹುಪಾಲು ಹ್ಯಾಂಡ್‌ಹೆಲ್ಡ್‌ಗಳು ಒಂದು ಸಲಕ್ಕೆ ಒಂದೇ ಟ್ರಕ್ಕಿನ ವಿನ್ ನಂಬರಿಗೆ ಅಂಟಿಕೊಳ್ಳುತ್ತವೆ. ಆ ಟ್ರಕ್ಕಿಗೆ ಸ್ಟಾಕ್ ಫೈಲ್ ವಾಪಸ್ ಹಾಕಿದರೆ ಮಾತ್ರ ಬಿಟ್ಟುಕೊಡುತ್ತವೆ. ಹಳೆಯ ಟ್ಯೂನರ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಮೊದಲು ಅದು ಬಿಡುಗಡೆ ಆಗಿದೆಯಾ ಎಂದು ಪರದೆ ಆನ್ ಮಾಡಿಸಿ ನೋಡಿ. ಮಾರಿದವರ ಹಳೆಯ ಟ್ರಕ್ಕು ಅಪಘಾತದಲ್ಲಿ ಹೋಗಿದ್ದರೆ, ಅಥವಾ ಬೇರೆಯವರ ಕೈಗೆ ಹೋಗಿದ್ದರೆ, ಡಬ್ಬಿ ಬಿಡಿಸಿಕೊಳ್ಳಲು ಕಂಪನಿಗೆ ದುಡ್ಡು ಕಟ್ಟಬೇಕಾಗುತ್ತದೆ.

ನೀವು ಸರ್ವಿಸ್‌ಗೆ ಬಿಡುವಾಗಲೂ ಇದೇ ನೆನಪಿಡಿ. ರೀಕಾಲ್‌ಗೋ ಅಪ್‌ಡೇಟ್‌ಗೋ ಡೀಲರ್ ಹೊಸ ಸಾಫ್ಟ್‌ವೇರ್ ಹಾಕಿದರೆ ನಿಮ್ಮ ಟ್ಯೂನ್ ಅಳಿಸಿಹೋಗುತ್ತದೆ, ಟ್ಯೂನರ್ ಮಾತ್ರ ತಾನಿನ್ನೂ ಆ ಟ್ರಕ್ಕಿನಲ್ಲೇ ಇದ್ದೇನೆ ಅಂದುಕೊಂಡಿರುತ್ತದೆ. ಉಳಿಸಿಟ್ಟ ಸ್ಟಾಕ್ ಫೈಲ್ ಕೂಡ ಹಳೆಯ ಆವೃತ್ತಿಯದಾಗುತ್ತದೆ. ಬಿಡುವ ಮೊದಲೇ ಸ್ಟಾಕ್ ಹಾಕಿ ಬಿಡಿ, ಟ್ರಕ್ಕಿಗೆ ಟ್ಯೂನ್ ಇತ್ತು ಅಂತ ಸರ್ವಿಸ್ ಅಡ್ವೈಸರ್‌ಗೆ ಹೇಳಿಯೂ ಬಿಡಿ. ವಾಪಸ್ ಬಂದ ಮೇಲೆ ಕಂಪ್ಯೂಟರಿನ ಹೊಸ ಕೋಡ್ ನಂಬರನ್ನು ಟ್ಯೂನ್ ಬರೆದವರಿಗೆ ಕಳಿಸಿ, ಅದಕ್ಕೆ ಹೊಂದುವ ಫೈಲ್ ತರಿಸಿಕೊಂಡು ಆಮೇಲೆ ಹಾಕಿ. ಟ್ರಕ್ಕನ್ನೇ ಮಾರುವಾಗಲೂ ಅಷ್ಟೇ: ಸ್ಟಾಕ್‌ಗೆ ತನ್ನಿ, ಕೊಳ್ಳುವವರಿಗೆ ವಿಷಯ ತಿಳಿಸಿ, ಬಿಡುಗಡೆಯಾದ ಡಬ್ಬಿಯನ್ನು ಬೇರೆಯಾಗಿ ಮಾರಿದರೆ ಹಾಕಿದ ದುಡ್ಡಿನಲ್ಲಿ ಒಂದಿಷ್ಟು ವಾಪಸ್ ಬರುತ್ತದೆ.